ಕಪಾಟಿನ ಚೌಕ

ನಮ್ಮ ಬೀದಿಯ ಸೊಪ್ಪಿನ ಗಾಡಿಯವನು ತನ್ನ ತಕ್ಕಡಿಯ ಪಕ್ಕದಲ್ಲಿ ಕರಿಯ ಬಿಳಿಯ ಮನೆಗಳುಳ್ಳ ಒಂದು ಚೌಕವನ್ನು ತೂಗುಹಾಕಿದ ದಿನವೇ ಕಾಲವು ಬದಲಾಯಿತೆಂದು ನಾನು ಒಪ್ಪಿಕೊಂಡೆನು. ಎರಡು ಕಟ್ಟು ಮೆಂತ್ಯದ ಸೊಪ್ಪನ್ನು ಕೊಂಡು, ಚಿಲ್ಲರೆಗಾಗಿ ನಾನು ಚೀಲವನ್ನು ತಡಕಾಡುತ್ತಿರುವಷ್ಟರಲ್ಲಿ, ನನ್ನ ಹಿಂದೆ ನಿಂತಿದ್ದ ಹುಡುಗನು ಆ ಚೌಕದ ಮುಂದೆ ಫೋನನ್ನು ಹಿಡಿದು, ಲೆಕ್ಕವನ್ನು ತೀರಿಸಿ ಹೊರಟೇಹೋದನು. ಆದರೆ ನಾನು ಈಗ ಹೇಳಹೊರಟಿರುವುದು ಗಾಡಿಯ ಚೌಕವನ್ನು ಕುರಿತಲ್ಲ. ಪಾಠಶಾಲೆಗೂ ಪುಸ್ತಕಭಂಡಾರಕ್ಕೂ ಬಂದಿರುವ ಚೌಕವನ್ನು ಕುರಿತು. ಅದನ್ನು ನಮ್ಮ ಊರಿನ ಪುಸ್ತಕಭಂಡಾರಕ್ಕೆ ತಂದವರಲ್ಲಿ ನಾನೂ ಒಬ್ಬನು. ತಂದು ಒಂದು ತಪ್ಪನ್ನು ಮಾಡಿದವನೂ ನಾನೇ. ಆದುದರಿಂದ ಆ ವಿಷಯವಾಗಿ ನಾಲ್ಕು ಮಾತು ಬರೆಯಲು ನನಗೆ ಅಷ್ಟಿಷ್ಟು ಅಧಿಕಾರವುಂಟೆಂದು ವಾಚಕರು ಒಪ್ಪುವರೆಂದು ನಂಬಿದ್ದೇನೆ.

ನಾನು ಮೂವತ್ತು ವರ್ಷಕಾಲ ಹೈಸ್ಕೂಲಿನಲ್ಲಿ ಕನ್ನಡ ಪಾಠವನ್ನು ಹೇಳಿ ನಿವೃತ್ತನಾದವನು. ಸಂಘದ ಪುಸ್ತಕಭಂಡಾರದಲ್ಲಿ ಮಕ್ಕಳ ಪುಸ್ತಕಗಳಿರುವ ಮೂರು ಕಪಾಟುಗಳ ಬೀಗದ ಕೈ ನನ್ನ ವಶದಲ್ಲಿದೆ. ಸಾಯಂಕಾಲ ನಾಲ್ಕೂವರೆಗೆ ಬಾಗಿಲನ್ನು ತೆಗೆದರೆ ಪಕ್ಕದ ಸರ್ಕಾರಿ ಶಾಲೆಯ ಮಕ್ಕಳು ಬೆನ್ನಿನ ಚೀಲದೊಡನೆ ನೇರವಾಗಿ ಬರುತ್ತಾರೆ. ಅವರ ಪಠ್ಯಪುಸ್ತಕಗಳಲ್ಲಿಯೇ ಈ ಚೌಕವನ್ನು ನಾನು ಮೊದಲು ಗಮನಿಸಿದುದು. ಪಾಠದ ಹೆಸರಿನ ಪಕ್ಕದಲ್ಲಿ, ಹೆಬ್ಬೆರಳಿನಗಲದ ಜಾಗದಲ್ಲಿ, ಅಚ್ಚಿನ ಮಸಿ ಚೆಲ್ಲಿದಂತೆ ಒಂದು ಗುರುತು. ಕೇಂದ್ರ ಸರ್ಕಾರದವರು 2017 ನೆಯ ಸೆಪ್ಟೆಂಬರ್ 5 ರಂದು, ಎಂದರೆ ಉಪಾಧ್ಯಾಯರ ದಿನದಂದು, ದೀಕ್ಷಾ ಎಂಬ ಹೆಸರಿನ ಏರ್ಪಾಡನ್ನು ಆರಂಭಿಸಿದರು. ಪುಸ್ತಕದಲ್ಲಿರುವ ಚೌಕವನ್ನು ಫೋನಿಗೆ ತೋರಿಸಿದರೆ ಆ ಪಾಠಕ್ಕೆ ಸಂಬಂಧಿಸಿದ ಚಿತ್ರವೋ ಅಭ್ಯಾಸವೋ ವಿವರಣೆಯೋ ತೆರೆಯುತ್ತದೆ. ಚೌಕದ ಜೊತೆಯಲ್ಲಿ ಆರು ಅಕ್ಷರಗಳ ಒಂದು ಸಂಕೇತವನ್ನೂ ಅಚ್ಚುಮಾಡಿರುತ್ತಾರೆ. ಚೌಕವು ಹರಿದು ಮಾಸಿದ್ದರೆ ಆ ಆರು ಅಕ್ಷರಗಳನ್ನು ಬೆರಳಿನಿಂದ ಒತ್ತಿಯೂ ಅದೇ ಪಾಠವನ್ನು ಸೇರಬಹುದು. ಈ ಸಣ್ಣ ಮುಂದಾಲೋಚನೆಯನ್ನು ನಾನು ಆಗ ಅಷ್ಟಾಗಿ ಮೆಚ್ಚಲಿಲ್ಲ, ಈಗ ಮೆಚ್ಚುತ್ತೇನೆ.

2023 ನೆಯ ಬೇಸಿಗೆಯಲ್ಲಿ ಇಂಜಿನಿಯರಿಂಗ್ ಓದುತ್ತಿರುವ ನನ್ನ ಮೊಮ್ಮಗನು ರಜಕ್ಕೆ ಬಂದಿದ್ದನು. ಈ ಕ್ಯೂ ಆರ್ ಕೋಡ್ ಎಂದರೇನೆಂದು ಕೇಳಿದೆನು. ಪಾಠ ಹೇಳಿಸಿಕೊಂಡವರು ತಿರುಗಿ ಪಾಠ ಹೇಳುವಾಗ ಅವರಿಗಾಗುವ ಸಂತೋಷವನ್ನು ಅವನ ಮುಖದಲ್ಲಿ ಕಂಡೆನು. ಅವನು ಹೇಳಿದುದರ ಸಾರವಿಷ್ಟು. ಈ ಚೌಕವು ಹುಟ್ಟಿದುದು ಪಾಠಶಾಲೆಗಾಗಿ ಅಲ್ಲ, ಮೋಟಾರು ಕಾರುಗಳ ಬಿಡಿಭಾಗಗಳ ಲೆಕ್ಕಕ್ಕಾಗಿ. ಜಪಾನಿನ ಡೆನ್ಸೋ ಕಾರ್ಖಾನೆಯವರ ಒಂದು ಶಾಖೆಯಲ್ಲಿ ಮಸಾಹಿರೋ ಹಾರಾ ಎಂಬವರು ಇದನ್ನು 1994 ರಲ್ಲಿ ರಚಿಸಿದರು. ಹಳೆಯ ಗೆರೆಪಟ್ಟಿಗಳಲ್ಲಿ ಇಪ್ಪತ್ತು ಅಕ್ಷರಗಳಷ್ಟು ವಿಷಯ ಮಾತ್ರ ಹಿಡಿಯುತ್ತಿದ್ದುದರಿಂದ, ಒಂದೊಂದು ಪೆಟ್ಟಿಗೆಗೆ ಹಲವು ಪಟ್ಟಿಗಳನ್ನು ಅಂಟಿಸಿ ಒಂದೊಂದನ್ನೂ ಬೇರೆಬೇರೆಯಾಗಿ ಓದಿಸಿ ಕೆಲಸಗಾರರು ಬೇಸತ್ತಿದ್ದರಂತೆ. ಹಾರಾ ಅವರಿಗೆ ಗೋ ಎಂಬ ಆಟದ ಅಭ್ಯಾಸವಿತ್ತು. ನಮ್ಮ ಪಗಡೆಯ ಹಾಸಿನಂತೆ ಅದಕ್ಕೂ ಗೆರೆಯ ಹಲಗೆಯುಂಟು. ಅದರ ಮೇಲೆ ಕರಿಯ ಬಿಳಿಯ ಕಲ್ಲುಗಳನ್ನಿಟ್ಟು ಆಡುತ್ತಾರೆ. ಹಾಗೆಯೇ ಅಡ್ಡಲಾಗಿಯೂ ಉದ್ದವಾಗಿಯೂ ವಿಷಯವನ್ನು ತುಂಬಬಹುದೆಂದು ಅವರಿಗೆ ತೋರಿತು. ಇದರ ಹಕ್ಕು ತಮ್ಮಲ್ಲಿದ್ದರೂ ಆ ಕಾರ್ಖಾನೆಯವರು ಬಳಸಿದವರಿಂದ ಹಣವನ್ನು ಕೇಳಲಿಲ್ಲ. ಇಂದು ಸೊಪ್ಪಿನ ಗಾಡಿಯವನೂ ಶಾಲೆಯ ಹುಡುಗನೂ ಇದನ್ನು ಬಳಸಬಲ್ಲರಾದರೆ ಅದಕ್ಕೆ ಆ ಔದಾರ್ಯವೂ ಒಂದು ಕಾರಣ.

ಮೂರು ಮೂಲೆಗಳಲ್ಲಿ ಚೌಕದೊಳಗಣ ಚೌಕದಂತೆ ಕಾಣುವ ಗುರುತುಗಳಿರುವುವಷ್ಟೆ. ಚೌಕವು ಎಲ್ಲಿದೆ, ಯಾವ ಕಡೆಗೆ ವಾಲಿದೆ ಎಂಬುದನ್ನು ಫೋನಿಗೆ ತಿಳಿಸುವುದು ಅವುಗಳ ಕೆಲಸ. ಅವುಗಳ ನಡುವೆ ಗೆರೆಯೆಳೆದರೆ ಕಪ್ಪು ಬಿಳುಪುಗಳು ಒಂದು, ಒಂದು, ಮೂರು, ಒಂದು, ಒಂದು ಎಂಬ ಪ್ರಮಾಣದಲ್ಲಿ ಬರುತ್ತವೆ. ಬೇರೆ ಅಚ್ಚಿನ ಕಾಗದಗಳಲ್ಲಿ ತೀರ ಅಪರೂಪವಾದ ಪ್ರಮಾಣವು ಯಾವುದೆಂದು ಹುಡುಕಿ ಇದನ್ನು ಆರಿಸಿಕೊಂಡರಂತೆ. ಉಳಿದ ಮನೆಗಳಲ್ಲಿ ವಿಷಯವೂ, ಅದು ಕೆಟ್ಟಲ್ಲಿ ಸರಿಪಡಿಸಿಕೊಳ್ಳುವುದಕ್ಕೆ ಬೇಕಾದ ಹೆಚ್ಚಿನ ಗುರುತುಗಳೂ ಇರುತ್ತವೆ. ಚೌಕವನ್ನು ಮಾಡುವಾಗ ನಾವು ಆರಿಸಿಕೊಳ್ಳುವ ಮಟ್ಟವನ್ನು ಅನುಸರಿಸಿ ನೂರಕ್ಕೆ 7 ರಿಂದ 30 ಪಾಲಿನವರೆಗೆ ಅಳಿಸಿಹೋದರೂ ಅದು ಓದಲು ಬರುತ್ತದೆ.

ಇದನ್ನು ಕೇಳಿದಾಗ ನನಗೆ ತಾಡವೋಲೆಗಳ ನೆನಪು ಬಂದಿತು. ಹುಳು ತಿಂದು ಅಕ್ಷರವು ಹೋದ ಸ್ಥಳದಲ್ಲಿ ನಮ್ಮ ವಿದ್ವಾಂಸರು ಛಂದಸ್ಸಿನ ಮಾತ್ರೆಯನ್ನು ಎಣಿಸಿ, ಪಾದದ ಎರಡನೆಯ ಅಕ್ಷರವಾದ ಪ್ರಾಸವನ್ನು ನೋಡಿ, ಇಲ್ಲಿ ಇಂಥ ಅಕ್ಷರವೇ ಇದ್ದಿರಬೇಕೆಂದು ನಿಶ್ಚಯಿಸುತ್ತಿದ್ದರು. ಪ್ರಾಸವೂ ಮಾತ್ರೆಯೂ ಕಿವಿಗೆ ಇಂಪಾಗುವುದಲ್ಲದೆ ಕೃತಿಗೆ ಕಾವಲಾಗಿಯೂ ಇದ್ದುವು. ಆ ಕಾವಲು ಈ ಚೌಕದಲ್ಲಿಯೂ ಇದೆಯೆಂದು ತಿಳಿದಾಗ ನನಗೆ ಅದರ ಮೇಲೆ ಬಂಧುಭಾವವೇ ಹುಟ್ಟಿತೆನ್ನಬೇಕು.

ಬಂಧುಭಾವ ಹುಟ್ಟಿದ ಮೇಲೆ ತಡವೇಕೆ? ನಮ್ಮ ಮೂರು ಕಪಾಟುಗಳಿಗೂ ಚೌಕಗಳನ್ನು ಹಾಕೋಣವೆಂದು ತಾತ ಮೊಮ್ಮಕ್ಕಳು ನಿಶ್ಚಯಿಸಿದೆವು. ನಮ್ಮ ಬೀದಿಯಲ್ಲಿ ಇಂಪಾಗಿ ಓದಬಲ್ಲ, ಹಾಡಬಲ್ಲ ಹಿರಿಯರಿದ್ದಾರೆ. ಅವರ ಮನೆಗಳಿಗೆ ಹೋಗಿ, ಒಬ್ಬರಿಂದ ಪಂಚತಂತ್ರದ ಕಥೆಯನ್ನೂ, ಒಬ್ಬರಿಂದ ಗಾದೆಗಳ ವಿವರಣೆಯನ್ನೂ, ಒಬ್ಬ ಮುದುಕಿಯಮ್ಮನವರಿಂದ ಗೋವಿನ ಹಾಡನ್ನೂ, ಹೀಗೆ ನಲವತ್ತು ತುಣುಕುಗಳನ್ನು ಫೋನಿನಲ್ಲಿ ಹಿಡಿದುಕೊಂಡು ಬಂದೆವು. ಮೊಮ್ಮಗನು ಅವುಗಳನ್ನು ಎಲ್ಲಿಯೋ ಏರಿಸಿ, ಒಂದೊಂದಕ್ಕೂ ಒಂದು ಚೌಕವನ್ನು ಮಾಡಿಕೊಟ್ಟನು. ಅಂಟು ತಗುಲಿ ಪುಸ್ತಕಗಳು ಕೆಡಬಾರದೆಂದು ಚೌಕಗಳನ್ನು ಪುಸ್ತಕಗಳ ಮೇಲೆ ಹಾಕದೆ, ಅವುಗಳು ನಿಲ್ಲುವ ಕಪಾಟಿನ ಅಂಚಿಗೆ ಅಂಟಿಸಿದೆವು. ಮಕ್ಕಳು ಮುಗಿಬಿದ್ದರು. ಮೊದಲ ವಾರ ಮೊಮ್ಮಗನ ಫೋನಿಗೆ ಬಿಡುವೇ ಇರಲಿಲ್ಲ.

ಸಂಘದ ಕಾರ್ಯದರ್ಶಿಗಳು ಬಂದು ನೋಡಿ, ರಂಗನಾಥನ್ ಅವರು ಇದ್ದಿದ್ದರೆ ಸಂತೋಷಪಡುತ್ತಿದ್ದರೆಂದು ಹೇಳಿದರು. ಗಣಿತದ ಅಧ್ಯಾಪಕರಾಗಿದ್ದು 1924 ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾದ ಎಸ್. ಆರ್. ರಂಗನಾಥನ್ ಅವರು 1931 ರಲ್ಲಿ ಗ್ರಂಥಾಲಯಶಾಸ್ತ್ರಕ್ಕೆ ಐದು ಸೂತ್ರಗಳನ್ನು ಬರೆದುಕೊಟ್ಟರು. ಕೊನೆಗಾಲದಲ್ಲಿ ಬೆಂಗಳೂರಿನಲ್ಲಿಯೇ ನೆಲಸಿದ್ದರು. ವಾಚಕನ ಕಾಲವು ವ್ಯರ್ಥವಾಗದಂತೆ ನೋಡಿಕೊಳ್ಳಬೇಕೆಂಬುದು ಅವರ ನಾಲ್ಕನೆಯ ಸೂತ್ರ. ನಾವು ಅದನ್ನು ನೆರವೇರಿಸಿದೆವೆಂದು ನಾನು ಹಿಗ್ಗಿದೆನು. ಪ್ರತಿಯೊಬ್ಬ ವಾಚಕನಿಗೂ ಅವನಿಗೆ ತಕ್ಕ ಪುಸ್ತಕವು ದೊರೆಯಬೇಕೆಂಬ ಎರಡನೆಯ ಸೂತ್ರವೂ ಒಂದುಂಟೆಂಬುದು ಆಗ ನನ್ನ ನೆನಪಿಗೆ ಬರಲಿಲ್ಲ.

ಜೂನ್ ತಿಂಗಳಲ್ಲಿ ಮೊಮ್ಮಗನು ಕಾಲೇಜಿಗೆ ಹಿಂದಿರುಗಿದನು. ನನ್ನ ಫೋನು ಮೇಜಿನ ಮೇಲೆ ಇರುತ್ತಿತ್ತು. ಆದರೆ ಅದನ್ನು ಕೇಳಲು ಮಕ್ಕಳಿಗೆ ಸಂಕೋಚ. ತಾನಾಗಿ ನೀಡಲು ನನಗೆ ಮರೆವು. ನಿಜವನ್ನು ಹೇಳುವುದಾದರೆ ಮರೆವಲ್ಲ, ಎಲ್ಲಿ ಬೀಳಿಸಿಬಿಡುವರೋ ಎಂಬ ಭಯ. ನಲವತ್ತು ಬಾಗಿಲುಗಳನ್ನು ಇಟ್ಟು ಕೀಲಿಕೈಯನ್ನು ಮಾತ್ರ ನನ್ನ ಕೈಯ ಹತ್ತಿರವೇ ಇಟ್ಟುಕೊಂಡಿದ್ದೆನು. ಚೌಕಗಳನ್ನು ಕೇಳುವವರು ಕಡಮೆಯಾದರು. ಹೊಸತನವು ಕಳೆಯಿತೆಂದುಕೊಂಡು ನಾನು ಸುಮ್ಮನಾದೆನು.

ಆಷಾಢದ ಒಂದು ಸಾಯಂಕಾಲ, ಹೊರಗೆ ಜಿಟಿಜಿಟಿ ಮಳೆ. ಐದನೆಯ ತರಗತಿಯ ಹುಡುಗಿಯೊಬ್ಬಳು ನನ್ನ ಮೇಜಿನ ಮುಂದೆ ಬಂದು ನಿಂತಳು. ಕೈಯಲ್ಲಿ ಲೆಕ್ಕದ ಚೌಕುಳಿ ಪುಸ್ತಕ. ಅದನ್ನು ಬಿಡಿಸಿ ನನ್ನ ಮುಂದಿಟ್ಟು, "ತಾತ, ನಾನು ಎಲ್ಲಿ ತಪ್ಪು ಮಾಡಿದೀನಿ, ಸ್ವಲ್ಪ ನೋಡಿ ಹೇಳ್ತೀರಾ?" ಎಂದಳು.

ನೋಡಿದೆನು. ಎರಡು ಪುಟಗಳಲ್ಲಿ ಎರಡು ಚೌಕಗಳು. ನಮ್ಮ ಕಪಾಟಿನ ಅಂಚಿನಲ್ಲಿದ್ದ ಚೌಕವನ್ನೇ ಆ ಮಗುವು ಮನೆಮನೆಯಾಗಿ ಎಣಿಸಿಕೊಂಡು ಪೆನ್ಸಿಲಿನಿಂದ ಬರೆದಿದ್ದಳು. ಒಂದು ಸಾಲಿಗೆ 25 ಮನೆ, 25 ಸಾಲು, ಒಟ್ಟು 625 ಮನೆಗಳು. ಕಪ್ಪಾಗಬೇಕಾದುವನ್ನು ಒತ್ತಿ ಒತ್ತಿ ತುಂಬಿ ಕಾಗದದ ಹಿಂಬದಿಯೆಲ್ಲ ಉಬ್ಬಿಕೊಂಡಿದ್ದಿತು. ಏತಕ್ಕೆಂದು ಕೇಳಿದೆನು. ಅವಳ ಮನೆಯಲ್ಲಿ ಒಂದೇ ಫೋನು. ಅದು ಗಾರೆ ಕೆಲಸದ ತಂದೆಯೊಡನೆ ಬೆಳಿಗ್ಗೆ ಹೋದರೆ ರಾತ್ರಿ ಎಂಟಕ್ಕೆ ಹಿಂದಿರುಗುತ್ತದೆ. ಆ ಹೊತ್ತಿಗೆ ಪುಸ್ತಕಭಂಡಾರಕ್ಕೆ ಬೀಗ. ಪುಸ್ತಕವನ್ನು ಮನೆಗೆ ಒಯ್ಯಬಹುದು, ಕಪಾಟನ್ನು ಒಯ್ಯಲಾಗದು. ಆದುದರಿಂದ ಚೌಕವನ್ನು ಬರೆದುಕೊಂಡು ಹೋದಳು. ಅವಳ ಅಜ್ಜಿಗೆ ಓದು ಬಾರದು, ಕಣ್ಣೂ ಮಂಜು. ಗೋವಿನ ಹಾಡನ್ನು ಅಜ್ಜಿಗೆ ಕೇಳಿಸಬೇಕೆಂದು ಅವಳ ಆಸೆ. ರಾತ್ರಿ ತಂದೆಯ ಫೋನಿಗೆ ತೋರಿಸಿದಾಗ ಏನೋ ಇಂಗ್ಲಿಷ್ ಬರಹವು ಬಂದಿತೇ ಹೊರತು ಹಾಡು ಬರಲಿಲ್ಲ. ತನ್ನ ಎಣಿಕೆ ತಪ್ಪಿತೆಂದುಕೊಂಡು ಮಾರನೆಯ ದಿನ ಬಂದು ಮತ್ತೊಂದನ್ನು ಬರೆದುಕೊಂಡು ಹೋದಳು. ಆಗಲೂ ಹಾಗೆಯೇ.

ನಾನು ನನ್ನ ಫೋನನ್ನು ತೆಗೆದು ಮೊದಲು ಅವಳ ಚಿತ್ರಕ್ಕೆ ಹಿಡಿದೆನು. ಈ ಕೊಂಡಿಯು ಈಗ ಚಾಲ್ತಿಯಲ್ಲಿಲ್ಲವೆಂಬ ಅರ್ಥದ ಬರಹ. ಅನಂತರ ಕಪಾಟಿನ ಚೌಕಕ್ಕೆ ಹಿಡಿದೆನು. ಅದೇ ಬರಹ. ಒಂದೊಂದಾಗಿ ನಲವತ್ತಕ್ಕೂ ಹಿಡಿದುಕೊಂಡು ಹೋದೆನು. ನಲವತ್ತಕ್ಕೂ ಅದೇ ಉತ್ತರ. ಹುಡುಗಿಯು ನನ್ನ ಹಿಂದೆಯೇ ಮೌನವಾಗಿ ಬರುತ್ತಿದ್ದಳು. ಆ ದಿನ ನನಗಾದ ನಾಚಿಕೆಯು ಮೂವತ್ತು ವರ್ಷದ ಉಪಾಧ್ಯಾಯವೃತ್ತಿಯಲ್ಲಿ ಎಂದೂ ಆಗಿರಲಿಲ್ಲ.

ಅವಳ ಚಿತ್ರವನ್ನು ಮೂಲದೊಡನೆ ಇಬ್ಬರೂ ಕೂಡಿ ಹೋಲಿಸಿ ನೋಡಿದೆವು. ಎರಡನೆಯ ಪ್ರತಿಯಲ್ಲಿ ಐದು ಮನೆಗಳು ತಪ್ಪಿದ್ದುವು. ಆದರೆ ನಾನು ಮೊದಲು ಹೇಳಿದ ಕಾವಲು ಆ ಐದನ್ನೂ ಸರಿಪಡಿಸಿಕೊಂಡಿತ್ತು. ಫೋನಿನಲ್ಲಿ ಇಂಗ್ಲಿಷ್ ಬರಹವು ತೆರೆದುದೇ ಅವಳು ಸರಿಯಾಗಿ ಬರೆದಿದ್ದಳೆಂಬುದಕ್ಕೆ ಸಾಕ್ಷಿ. ಚೌಕವನ್ನು ಓದಲಾಗದಿದ್ದರೆ ಏನೂ ತೆರೆಯುತ್ತಲೇ ಇರಲಿಲ್ಲ. "ನಿನ್ನದು ಸರಿಯಾಗಿದೆ ತಾಯಿ, ತಪ್ಪು ನಮ್ಮದು" ಎಂದೆನು. ಅವಳು ಹಾಗಾದರೆ ಸರಿಯೆನ್ನುವಂತೆ ತಲೆಯಾಡಿಸಿ, ಪುಸ್ತಕವನ್ನು ಮಡಿಸಿಕೊಂಡು, "ಹಾಡು ಯಾವಾಗ ಬರುತ್ತೆ?" ಎಂದು ಕೇಳಿದಳು.

ಆ ರಾತ್ರಿ ಮೊಮ್ಮಗನಿಗೆ ಫೋನು ಮಾಡಿ ವಿಚಾರಿಸಿದೆನು. ಚೌಕಗಳನ್ನು ಬಿಟ್ಟಿಯಾಗಿ ಮಾಡಿಕೊಡುವ ಒಂದು ಕಂಪೆನಿಯ ಮೂಲಕ ಅವನು ಅವುಗಳನ್ನು ಮಾಡಿಸಿದ್ದನು. ಅಂಥ ಚೌಕದೊಳಗೆ ನಮ್ಮ ಹಾಡಿನ ವಿಳಾಸವು ಇರುವುದಿಲ್ಲ. ಆ ಮಧ್ಯವರ್ತಿಯ ವಿಳಾಸವಿರುತ್ತದೆ. ಓದುವವನು ಮೊದಲು ಮಧ್ಯವರ್ತಿಯ ಮನೆಗೆ ಹೋಗಬೇಕು. ಅಲ್ಲಿಂದ ಅವನು ನಮ್ಮ ಮನೆಗೆ ಕಳುಹಿಸಬೇಕು. ಬಿಟ್ಟಿಯ ಅವಧಿ ಮುಗಿದು ನಾವು ಹಣವನ್ನು ಕಟ್ಟದೆ ಇದ್ದುದರಿಂದ ಅವನು ಕಳುಹಿಸುವುದನ್ನು ನಿಲ್ಲಿಸಿದನು. ಅವನನ್ನು ದೂರುವುದಕ್ಕಿಲ್ಲ, ಕರಾರಿನಲ್ಲಿ ಹಾಗೆಯೇ ಬರೆದಿತ್ತಂತೆ. ಅದನ್ನು ಓದದಿದ್ದವರು ನಾವು. ಅವಧಿ ಮುಗಿದು ಹತ್ತು ದಿನಗಳಾಗಿದ್ದರೂ ಕಪಾಟುಗಳ ಮುಂದೆಯೇ ಕುಳಿತಿದ್ದ ನನಗೆ ಅದು ತಿಳಿದಿರಲಿಲ್ಲ.

ಅಂದಿನಿಂದ ಈ ಚೌಕದ ವಿಷಯದಲ್ಲಿ ನನಗೆ ಒಂದು ಮಾತು ಸ್ಪಷ್ಟವಾಗಿದೆ. ಬಹುಮಟ್ಟಿಗೆ ಇದರೊಳಗೆ ಇರುವುದು ವಿದ್ಯೆಯಲ್ಲ, ವಿದ್ಯೆಯ ವಿಳಾಸ. ಪುಸ್ತಕವಾದರೋ ತನ್ನಲ್ಲಿರುವುದನ್ನೆಲ್ಲ ಮೈಯಲ್ಲೇ ಹೊತ್ತುಕೊಂಡಿರುತ್ತದೆ. ಅದನ್ನು ಬರೆದವನು ತೀರಿಕೊಂಡರೂ, ಅಚ್ಚುಮಾಡಿದ ಮುದ್ರಣಾಲಯವು ಮುಚ್ಚಿಹೋದರೂ, ಕೈಗೆ ಸಿಕ್ಕಿದರೆ ಓದಬಹುದು. ವಿಳಾಸವು ಹಾಗಲ್ಲ. ಆ ವಿಳಾಸದಲ್ಲಿ ಒಬ್ಬರು ಇರಬೇಕು; ದೀಪ ಹಚ್ಚಿರಬೇಕು; ಬಂದವರಿಗೆ ಬಾಗಿಲನ್ನು ತೆರೆಯಬೇಕು. ಇಲ್ಲದಿದ್ದರೆ ಚೌಕದಲ್ಲಿ ಒಂದು ಮನೆಯೂ ಮಾಸದಿದ್ದರೂ ಅದು ನಿಷ್ಪ್ರಯೋಜಕವೇ ಸರಿ. ಅದಕ್ಕೂ ಹೆಚ್ಚಿನ ಕೇಡೆಂದರೆ, ತಪ್ಪು ತನ್ನದೆಂದು ಮಗುವು ಭಾವಿಸುವುದು.

2020 ನೆಯ ಡಿಸೆಂಬರಿನಲ್ಲಿ ವೃತ್ತಪತ್ರಿಕೆಗಳಲ್ಲಿ ಬಂದ ಒಂದು ಸಮಾಚಾರವನ್ನು ನಾನು ಆಮೇಲೆ ಮತ್ತೆ ಹುಡುಕಿ ಓದಿದೆನು. ಸೊಲ್ಲಾಪುರ ಜಿಲ್ಲೆಯ ಪರಿತೇವಾಡಿ ಎಂಬ ಹಳ್ಳಿಯ ಜಿಲ್ಲಾ ಪರಿಷತ್ ಶಾಲೆಯ ಉಪಾಧ್ಯಾಯರಾದ ರಣಜಿತ್‌ಸಿಂಹ ಡಿಸಳೆ ಅವರಿಗೆ ಆ ವರ್ಷದ ಜಾಗತಿಕ ಉಪಾಧ್ಯಾಯ ಪುರಸ್ಕಾರವು ದೊರೆಯಿತು. ಪಠ್ಯಪುಸ್ತಕಗಳಲ್ಲಿ ಕ್ಯೂ ಆರ್ ಚೌಕಗಳನ್ನು ಹಾಕಿ ಹಾಡು, ಪಾಠ, ಕಥೆ, ಅಭ್ಯಾಸಗಳನ್ನು ಮಕ್ಕಳಿಗೆ ಒದಗಿಸಿದವರೆಂದು ಅವರ ಹೆಸರು ಎಲ್ಲೆಡೆ ಹಬ್ಬಿತು. ಹತ್ತು ಲಕ್ಷ ಡಾಲರುಗಳ ಬಹುಮಾನದಲ್ಲಿ ಅರ್ಧವನ್ನು ಅವರು ಅಂತಿಮ ಸುತ್ತಿಗೆ ಬಂದಿದ್ದ ಉಳಿದ ಒಂಬತ್ತು ಮಂದಿಗೆ ಹಂಚಿಕೊಡುವುದಾಗಿ ಹೇಳಿದರು. ಇವೆಲ್ಲ ನನಗೆ ಮೊದಲೇ ಗೊತ್ತಿದ್ದ ಸಂಗತಿಗಳು. ಮೊದಲ ಸಲ ಓದಿದಾಗ ನನ್ನ ಕಣ್ಣಿಗೆ ಬೀಳದೆ ಹೋದ ಸಂಗತಿಯು ಬೇರೊಂದು. ಡಿಸಳೆಯವರು 2009 ರಲ್ಲಿ ಆ ಶಾಲೆಗೆ ಬಂದಾಗ, ಶಾಲೆಯ ಕಟ್ಟಡವು ದನದ ಕೊಟ್ಟಿಗೆಯ ಮಗ್ಗುಲಲ್ಲಿ ಪಾಳುಬಿದ್ದಂತಿತ್ತು. ಪಾಠಗಳು ಮಕ್ಕಳ ಮನೆಮಾತಿನಲ್ಲಿರಲಿಲ್ಲ. ಆ ಮಕ್ಕಳ ಮನೆಮಾತು ಕನ್ನಡ. ಆ ಮಹಾರಾಷ್ಟ್ರದ ಉಪಾಧ್ಯಾಯರು ಕಷ್ಟಪಟ್ಟು ಕನ್ನಡವನ್ನು ಕಲಿತು, ಒಂದರಿಂದ ನಾಲ್ಕನೆಯ ತರಗತಿಯವರೆಗಿನ ಪಾಠಗಳನ್ನು ಆ ಮಕ್ಕಳಿಗೆ ತಿಳಿಯುವಂತೆ ತಿದ್ದಿಕೊಂಡು, ಚೌಕಗಳನ್ನು ಅದಕ್ಕೆ ಸೇರಿಸಿದರು.

ನಾವಾದರೋ ಚೌಕವನ್ನು ಮೊದಲು ಅಂಟಿಸಿದೆವು. ಮಗುವಿನ ಮನೆಯಲ್ಲಿ ಫೋನು ಎಷ್ಟು ಗಂಟೆಗೆ ಬರುತ್ತದೆಂದು ವಿಚಾರಿಸಲೇ ಇಲ್ಲ. ಉಪಾಧ್ಯಾಯನು ತನ್ನ ಮಕ್ಕಳನ್ನು ಬಲ್ಲವನಾದರೆ ಚೌಕವು ಅವನ ಕೈಯಲ್ಲಿ ಒಳ್ಳೆಯ ಉಪಕರಣ. ಮಕ್ಕಳನ್ನು ಬಲ್ಲವರಿಲ್ಲದ ಕಡೆ ಅದು ಗೋಡೆಯ ಮೇಲಿನ ರಂಗೋಲಿ.

ಆಮೇಲೆ ನಾವು ಮಾಡಿದ ಏರ್ಪಾಡುಗಳನ್ನು ಹೇಳಿ ಮುಗಿಸುತ್ತೇನೆ. ಹಳ್ಳಿಯಲ್ಲಿಯೋ ಪೇಟೆಯಲ್ಲಿಯೋ ಸಣ್ಣ ಪುಸ್ತಕಭಂಡಾರಗಳನ್ನು ನಡೆಯಿಸುತ್ತಿರುವ ವಾಚಕರಿಗೆ ಅವು ಉಪಯೋಗವಾದಾವು. ಮಧ್ಯವರ್ತಿಯನ್ನು ಬಿಟ್ಟು, ಧ್ವನಿಗಳನ್ನು ಸಂಘದ ಸ್ವಂತ ಜಾಲತಾಣದಲ್ಲಿಟ್ಟು, ಆ ವಿಳಾಸವನ್ನೇ ನೇರವಾಗಿ ಚೌಕಕ್ಕೆ ಹಾಕಿದೆವು. ತಾಣಕ್ಕೆ ವರ್ಷವರ್ಷವೂ ಕಟ್ಟಬೇಕಾದ ಹಣವನ್ನು ದೀಪದ ಖರ್ಚಿನಂತೆ ಆಯವ್ಯಯದಲ್ಲಿ ಸೇರಿಸಿದೆವು. ಪ್ರತಿಯೊಂದು ಚೌಕದ ಕೆಳಗೂ ಅದರೊಳಗೆ ಏನಿದೆಯೆಂಬುದನ್ನು ಕನ್ನಡದಲ್ಲಿ ದಪ್ಪಕ್ಷರಗಳಿಂದ ಬರೆಯಿಸಿದೆವು. ಮನೆಗೆ ಒಯ್ಯುವ ಪುಸ್ತಕದೊಳಗೆ ಅದೇ ಚೌಕದ ಚೀಟಿಯನ್ನು ಇಡುತ್ತೇವೆ, ಅಂಟಿಸುವುದಿಲ್ಲ. ಒಬ್ಬ ಸದಸ್ಯರು ಕೊಟ್ಟ ಹಳೆಯ ಫೋನೊಂದು ಕಪಾಟಿನ ಪಕ್ಕದಲ್ಲಿ ಮಕ್ಕಳಿಗಾಗಿಯೇ ಇದೆ. ಒಂದೆರಡು ಸಲ ಬಿದ್ದಿದೆ, ಏನೂ ಆಗಿಲ್ಲ.

ಇಂಟರ್‌ನೆಟ್ಟೇ ಬೇಡದ ಚೌಕಗಳನ್ನೂ ಕೆಲವನ್ನು ಮಾಡಿದ್ದೇವೆ. ವಿಳಾಸದ ಬದಲು ವಿಷಯವನ್ನೇ ಚೌಕದೊಳಗೆ ತುಂಬಬಹುದು. ಒಂದು ಸಾಲಿಗೆ 177 ಮನೆಗಳುಳ್ಳ ಅತ್ಯಂತ ದೊಡ್ಡ ಚೌಕವು 2953 ಬೈಟುಗಳನ್ನು ಹಿಡಿಯುತ್ತದೆ. ಕನ್ನಡದ ಒಂದೊಂದು ಅಕ್ಷರಕ್ಕೂ, ಒಂದೊಂದು ಸ್ವರಚಿಹ್ನೆಗೂ ಮೂರು ಮೂರು ಬೈಟು ಬೇಕು. ಒಂದು ಒತ್ತಕ್ಷರಕ್ಕಾದರೆ ಒಂಬತ್ತು. ಹೀಗೆ ಲೆಕ್ಕಹಾಕಿದರೆ ಸಾವಿರಕ್ಕೆ ತುಸು ಕಡಮೆಯಾದ ಗುರುತುಗಳು ಮಾತ್ರ ಹಿಡಿಯುತ್ತವೆ. ಅಷ್ಟು ದೊಡ್ಡದನ್ನು ಸಣ್ಣ ಚೀಟಿಯಲ್ಲಿ ಅಚ್ಚುಮಾಡಿದರೆ ಫೋನಿಗೆ ಓದಲು ಬಾರದು. ಆದರೂ ಎರಡು ಗಾದೆಯನ್ನೋ, ಒಂದು ಒಗಟನ್ನೋ ತುಂಬಲು ಸಾಕಷ್ಟು ಸ್ಥಳವಿದೆ. ಅವು ನಮ್ಮ ಜಾಲತಾಣವು ನಿಂತುಹೋದ ಮೇಲೆಯೂ ಮಾತನಾಡುತ್ತವೆ.

ಎಲ್ಲಕ್ಕಿಂತ ಮುಖ್ಯವಾದ ಏರ್ಪಾಡು ಒಂದು ದಪ್ಪ ರಟ್ಟಿನ ಲೆಕ್ಕದ ಪುಸ್ತಕ. ಪ್ರತಿ ತಿಂಗಳ ಮೊದಲನೆಯ ಭಾನುವಾರ ಇಬ್ಬರು ಮಕ್ಕಳು ಹಳೆಯ ಫೋನನ್ನು ಹಿಡಿದುಕೊಂಡು ಒಂದೊಂದು ಚೌಕವನ್ನೂ ತೆರೆದು ನೋಡಿ, ತೆರೆದುದಕ್ಕೆ ಸರಿಯೆಂದೂ ತೆರೆಯದಿದ್ದುದಕ್ಕೆ ಇಲ್ಲವೆಂದೂ ಅದರಲ್ಲಿ ಬರೆಯಬೇಕು. ಆ ಪುಸ್ತಕದ ಮೊದಲ ಪುಟಕ್ಕೆ ಆ ಹುಡುಗಿಯು ಬರೆದ ಎರಡನೆಯ ಚೌಕವನ್ನು, ಅವಳ ಒಪ್ಪಿಗೆಯನ್ನು ಪಡೆದು, ಅಂಟಿಸಿದ್ದೇನೆ. ಹೊಸ ಚೌಕಗಳು ಸಿದ್ಧವಾದ ಸಾಯಂಕಾಲ ಗೋವಿನ ಹಾಡಿನ ಚೀಟಿಯನ್ನು ಅವಳ ಕೈಗೆ ಕೊಟ್ಟಿದ್ದೆನು. ಮಾರನೆಯ ದಿನ ಅವಳು ಬಂದಾಗ ಅಜ್ಜಿಯವರು ಏನೆಂದರೆಂದು ವಿಚಾರಿಸಿದೆನು. "ಪೂರ್ತಿ ಕೇಳಿದ್ರು ತಾತ. ಆಮೇಲೆ, ಇವರು ಮಧ್ಯದಲ್ಲಿ ನಾಲ್ಕು ಸಾಲು ಬಿಟ್ಟಿದಾರೆ, ನಾನು ಹೇಳ್ತೀನಿ ಬರಕೋ ಅಂದ್ರು" ಎಂದು ಲೆಕ್ಕದ ಪುಸ್ತಕವನ್ನು ತೆರೆದು ತೋರಿಸಿದಳು. ಚೌಕುಳಿಯ ಮನೆಗಳಲ್ಲಿ, ಮನೆಗೊಂದು ಅಕ್ಷರದಂತೆ, ಆ ನಾಲ್ಕು ಸಾಲುಗಳು ಇದ್ದುವು. ಮುಂದಿನ ಭಾನುವಾರ ಅವಳ ಮನೆಗೆ ಹೋಗಿ ಅಜ್ಜಿಯವರ ಧ್ವನಿಯಲ್ಲಿಯೇ ಅವುಗಳನ್ನು ಹಿಡಿದುಕೊಂಡು ಬಂದೆವು. ಅದು ನಮ್ಮ ನಲವತ್ತೊಂದನೆಯ ಚೌಕ.